ನಿದ್ದೆಗಣ್ಣಿನ ನಲ್ಲ

ಸಿಟ್ಟು ಬಂದರೆ ಗುಲ್ನಾರಳ ಮೂಗಿನ ತುದಿ ಕೆಂಪಾಗುತ್ತದೆ. ಆ ದಿನ ಸವಣೂರಿನ ಬಸ್ ನಿಲ್ದಾಣದಿಂದ ಅರಳೆ ಹಿಂಜಿ ಗಾದಿ ಹೊಲಿಯುವ ನದಾಫರ ಅಂಗಡಿಗೆ ನಡೆದು ಬರುವಷ್ಟರಲ್ಲೇ ಅದು ಕೆಂಪಾಗಿತ್ತು.

ಸುಮ್ಮನೆ ಬಂದ ಸಿಟ್ಟಲ್ಲ ಅದು. ಅಕ್ಕ ದಿಲ್ಶಾದಳ ಮದುವೆಗೆ ಇನ್ನು ನಾಲ್ಕೇ ದಿನ. ಎರಡು ಗಾದಿ, ನಾಲ್ಕು ದಿಂಬು ಮಾಡಲು ಹೇಳಿ ಇಪ್ಪತ್ತು ದಿನ ಕಳೆದಿತ್ತು. ಫೋನ್ ಮಾಡಿದಾಗಲೆಲ್ಲ ‘ಆಗ್ತಾವ್ರಿ’ ಎಂಬ ಒಂದೇ ಮಾತು. ಕೊನೆಗೆ ಹಾನಗಲ್ಲಿನಿಂದ ಬಸ್ ಬದಲಿಸಿಕೊಂಡು ಅವಳೇ ಹೊರಟು ಬಂದಳು. ನಾಲ್ಕು ಗಂಟೆಗೆ ಟೆಂಪೊ ಬರುವುದಿತ್ತು. ಗಾದಿ ಏರಿಸದೆ ಊರಿಗೆ ಮರಳುವುದಿಲ್ಲ ಎಂದು ಅಪ್ಪನ ಮುಂದೆ ಹೇಳಿ ಬಂದಿದ್ದಳು.

ಅಂಗಡಿಯೊಳಗೆ ಕಾಲಿಟ್ಟವಳು ಹಾಗೇ ನಿಂತಳು.

ಹಿಂಜಿದ ಅರಳೆ ಮೂಲೆಯಲ್ಲಿ ಸೊಂಟದೆತ್ತರ ಬಿದ್ದಿತ್ತು. ನಡುವೆ ಅರ್ಧ ಹೊಲಿದ ಗಾದಿಯೊಂದು ಬಾಯಿ ತೆರೆದುಕೊಂಡಿತ್ತು. ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತ ತರುಣನೊಬ್ಬ, ಕೈಯಲ್ಲಿ ಗೇಣುದ್ದದ ದಬ್ಬಣ ಹಿಡಿದುಕೊಂಡು... ನಿದ್ದೆ ಮಾಡುತ್ತಿದ್ದ. ಹಾಡುಹಗಲು, ಹನ್ನೆರಡು ಗಂಟೆಗೆ.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಬೈಗುಳವನ್ನೆಲ್ಲ ಗುಲ್ನಾರ ಅಲ್ಲೇ ಶುರು ಮಾಡಬೇಕಿತ್ತು. ಆದರೆ ದಬ್ಬಣದ ಮೊನೆ ಅವನ ತೊಡೆಗೆ ತಾಗುವಂತಿತ್ತು. ಬಗ್ಗಿ, ಮೆಲ್ಲಗೆ ಅದನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡಳು. ಏಪ್ರಿಲ್ ತಿಂಗಳ ಬಿಸಿಲಲ್ಲೂ ಆ ಬೆರಳುಗಳು ತಣ್ಣಗಿದ್ದವು.

ಅವನು ಕಣ್ಣು ತೆರೆದ. ಎದುರಿಗೆ ದಬ್ಬಣ ಹಿಡಿದು ನಿಂತ ಕೆಂಪು ಮೂಗಿನ ಹುಡುಗಿ.

“ಹಾನಗಲ್ಲದವ್ರೇನ್ರಿ?” ಎಂದ, ಗೊಗ್ಗರು ದನಿಯಲ್ಲಿ.

“ಹೌದ್ರಿ. ಗಾದಿ ಒಯ್ಯಾಕ ಬಂದೇನಿ. ನೀವು ಮಂದಿಗೆ ಗಾದಿ ಹೊಲಿಯೂದು ಬಿಟ್ಟು ನೀವ ಮಲಗಿದ್ರ ಹೆಂಗ?”

ಬೇರೆ ಯಾರಾದರೂ ಆಗಿದ್ದರೆ ಕರೆಂಟ್ ಇರಲಿಲ್ಲ, ಆಳು ಬರಲಿಲ್ಲ ಎಂದು ಹತ್ತು ನೆಪ ಹೇಳುತ್ತಿದ್ದರು. ಅವನು ಹೇಳಲಿಲ್ಲ.

“ತಪ್ಪ ನಂದ ಐತ್ರಿ. ಕಣ್ಣ ಎಳೀತು. ನಾಲ್ಕರೊಳಗ ಮುಗಸ್ತೇನಿ.”

“ನಿಮ್ಮನ್ನ ನೋಡಿದ್ರ ನಾಲ್ಕರೊಳಗ ಇನ್ನೊಂದ ನಿದ್ದಿ ಮುಗಸ್ತೀರಿ ಅನಸ್ತೈತಿ. ನನಗೂ ಒಂದ ದಬ್ಬಣ ಕೊಡ್ರಿ. ನಾವೂ ನದಾಫರ ಪೈಕಿನ.”

ಅವನು ನಕ್ಕ. ಹೆಸರು ಅಕೀಬ ಎಂದ. ಗಾದಿಯ ಒಂದು ತುದಿಯಿಂದ ಅವನು, ಇನ್ನೊಂದು ತುದಿಯಿಂದ ಅವಳು ಹೊಲಿಯತೊಡಗಿದರು. ಅವಳ ಹೊಲಿಗೆ ಬೇಗ ಬೇಗ ಓಡುತ್ತಿತ್ತು. ಅವನದು ನಿಧಾನ, ಆದರೆ ಒಂದು ಹೊಲಿಗೆಗೂ ಇನ್ನೊಂದಕ್ಕೂ ಎಳ್ಳಷ್ಟು ಹೆಚ್ಚುಕಡಿಮೆ ಇಲ್ಲ. ಅರಳೆ ಎಲ್ಲಾದರೂ ಗಂಟು ಕಟ್ಟಿದ್ದರೆ ಕಣ್ಣು ಮುಚ್ಚಿ, ಅಂಗೈಯಿಂದ ತಡವಿ ಹುಡುಕಿ, ಬಿಡಿಸಿ, ಮತ್ತೆ ಹೊಲಿಯುತ್ತಿದ್ದ. ಯಾರದೋ ಬೆನ್ನಿಗೆ ನೋವಾಗಬಾರದೆಂದು ಇಷ್ಟು ಜತನ ಮಾಡುವ ಕೈಯನ್ನು ಗುಲ್ನಾರ ಅದುವರೆಗೆ ನೋಡಿರಲಿಲ್ಲ.

ಟೆಂಪೊ ನಾಲ್ಕಕ್ಕೆ ಬಂತು. ಗಾದಿಗಳೂ ಮುಗಿದಿದ್ದವು. ಊರಿಗೆ ಬಂದ ಮೇಲೆ ಗುಲ್ನಾರ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮದುವೆಮನೆಯ ಗದ್ದಲದಲ್ಲಿ ಅದನ್ನು ಯಾರೂ ಗಮನಿಸಲೂ ಇಲ್ಲ.

ಆರು ತಿಂಗಳ ನಂತರ ಅಕೀಬನ ಅಪ್ಪ ಹುಸೇನಸಾಬರು ಹಾನಗಲ್ಲಿಗೆ ಬಂದು ಹೆಣ್ಣು ಕೇಳಿದಾಗ ಅವಳು ಬಾಗಿಲ ಮರೆಯಲ್ಲಿ ನಿಂತು, ಅಪ್ಪ ಎಲ್ಲಿ ‘ವಿಚಾರ ಮಾಡ್ತೇವಿ’ ಅಂದುಬಿಡುತ್ತಾನೋ ಎಂದು ಉಸಿರು ಬಿಗಿ ಹಿಡಿದಿದ್ದಳು. ಅಪ್ಪ ಹೂಂ ಅಂದ.

*

ಮದುವೆಯಾಗಿ ಸವಣೂರಿಗೆ ಬಂದ ಮೂರನೆಯ ದಿನ ಅತ್ತೆ ರಹಿಮಾಬಿ ಸೊಸೆಯ ಕೈಗೆ ಒಂದು ಹಿತ್ತಾಳೆ ಲೋಟ ಕೊಟ್ಟರು.

“ನೋಡವಾ, ಈ ಮನಿ ಗಂಡಸರು ಹಗಲೆಲ್ಲಾ ಅರಳಿ ಧೂಳದಾಗ ಇರ್ತಾರ. ಮುಂಜಾನಿ ಎದ್ದ ಕೂಡ್ಲೆ, ಖಾಲಿ ಹೊಟ್ಟಿಗೆ, ಬೆಲ್ಲದ ಹಾಲ ಕುಡದ್ರ ಗಂಟಲದಾಗ ಕುಂತಿದ್ದೆಲ್ಲಾ ಕೆಳಗ ಇಳೀತೈತಿ. ನಮ್ಮ ಅತ್ತಿ ನನಗ ಹೇಳಿದ್ಲು. ಇನ್ನ ಮ್ಯಾಲ ಅಕೀಬಗ ನೀ ಕೊಡು.”

ಅರಳೆ ಹಿಂಜುವ ಮನೆಗಳಲ್ಲಿ ಇದು ಹಳೆಯ ರೂಢಿ. ಗುಲ್ನಾರಳಿಗೂ ಹೊಸದಲ್ಲ. ಅಂದಿನಿಂದ ದಿನವೂ ಆರು ಗಂಟೆಗೆ ಅಕೀಬ ಮುಖ ತೊಳೆದು ಬಂದು ಪಡಸಾಲೆಯಲ್ಲಿ ಕೂರುವನು. ಅವಳು ಹಾಲು ತಂದುಕೊಟ್ಟು ಎದುರಿಗೆ ಕೂರುವಳು.

ಹದಿನೈದೇ ನಿಮಿಷ. ಆದರೆ ಎಂಥ ಹದಿನೈದು ನಿಮಿಷ! ಅವನು ಒಂದೊಂದೇ ಗುಟುಕು ಹೀರುತ್ತ, ಅವಳನ್ನೇ ನೋಡುತ್ತ, ಅವಳು ಹೇಳಿದ್ದಕ್ಕೆಲ್ಲ ನಗುತ್ತ ಕೂರುವನು. ಲೋಟ ಖಾಲಿಯಾದ ಮೇಲೂ ಖಾಲಿ ಲೋಟವನ್ನೇ ಹಿಡಿದುಕೊಂಡಿರುವನು.

ಆಮೇಲೆ? ಆಮೇಲೆ ಅವನು ಅಂಗಡಿಗೆ ಹೋಗುವನು, ಮಧ್ಯಾಹ್ನ ಉಣ್ಣುತ್ತಲೇ ತೂಕಡಿಸುವನು, ಸಂಜೆ ಮನೆಗೆ ಬಂದು ಗೋಡೆಗೆ ಒರಗಿದರೆ ಅಲ್ಲಿಗೆ ದಿನ ಮುಗಿಯಿತು. ಅವಳು ಅರ್ಧ ಮಾತಾಡುವಷ್ಟರಲ್ಲಿ ಅವನ ಕಣ್ಣು ಮುಚ್ಚಿರುತ್ತಿತ್ತು.

ಮೊದಮೊದಲು ಗುಲ್ನಾರ ನಕ್ಕು ಸುಮ್ಮನಾದಳು. ಕೆಲಸ ಬಹಳ, ದಣಿದಿದ್ದಾರೆ ಎಂದುಕೊಂಡಳು. ಆದರೆ ಭಾನುವಾರ ಅಂಗಡಿ ಮುಚ್ಚಿದ ದಿನವೂ ಹಾಗೆಯೇ. ಹತ್ತು ತಾಸು ಮಲಗಿ ಎದ್ದರೂ, ಈಗಷ್ಟೇ ಮೂಟೆ ಹೊತ್ತು ಇಳಿಸಿದವನ ಮುಖ. ಎಲ್ಲರೂ ಸೆಕೆ ಎಂದು ಒದ್ದಾಡುವಾಗ ಅವನೊಬ್ಬ, “ಫ್ಯಾನ ಬಂದ್ ಮಾಡು ಗುಲ್ನಾರ, ಥಂಡಿ ಆಕ್ಕೈತಿ” ಎನ್ನುವನು.

‘ನನ್ನ ಹತ್ರ ಕೂತರೆ ಇವರಿಗೆ ಬೇಸರವೋ ಏನೋ... ಬೇಸರಕ್ಕೇ ನಿದ್ದೆ ಬರುತ್ತದೋ?’

ಇಂಥ ವಿಚಾರ ಒಮ್ಮೆ ಒಳಗೆ ಬಂದರೆ ತಾನಾಗಿ ಹೊರಗೆ ಹೋಗುವುದಿಲ್ಲ. ಅದಕ್ಕೆ ಸರಿಯಾಗಿ ಪಕ್ಕದ ಮನೆಯ ಜನ್ನತಬಿ ಒಂದು ದಿನ ಹಪ್ಪಳ ಒಣಹಾಕುತ್ತ, “ಮನಸ್ಸಿದ್ದ ಗಂಡಸಿಗೆ ಸಂಜಿ ಏಳಕ್ಕ ನಿದ್ದಿ ಹೆಂಗ ಬರ್ತೈತವಾ?” ಅಂದುಬಿಟ್ಟರು. ಅವರು ಹೇಳಿ ಮರೆತರು. ಗುಲ್ನಾರ ಮರೆಯಲಿಲ್ಲ.

ಮದುವೆಯಾಗಿ ಒಂದು ವರ್ಷ ತುಂಬಿದ ಸಂಜೆ ಅಕೀಬ ಮೆಲ್ಲಲು ಸವಣೂರಿನ ಕುರುಕಲು ಖಾರದ ಪೊಟ್ಟಣ ಕಟ್ಟಿಸಿಕೊಂಡು ಬಂದ. ಇಬ್ಬರೂ ಮಾಳಿಗೆಯ ಮೇಲೆ ಕುಳಿತರು. ಹೊತ್ತು ಇಳಿಯುತ್ತಿತ್ತು. ಒಂದು ವರ್ಷದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತನ್ನು ಗುಲ್ನಾರ ಕೊನೆಗೂ ತೆಗೆದಳು. ನಾಚಿಕೆಗೆ ಅವನ ಮುಖ ನೋಡಲಿಲ್ಲ, ದೂರದ ಮಸೀದಿಯ ಮಿನಾರು ನೋಡುತ್ತ ಹೇಳಿದಳು.

“ರೀ... ಅವತ್ತ ಗಾದಿ ಒಯ್ಯಾಕ ಬಂದಿದ್ನೆಲ್ಲ... ನಿಮ್ಮ ಕೈ ನೋಡಿ ಅಲ್ಲೇ ನನ್ನ ಮನಸ್ಸ ಹೋತು. ನಿಮ್ಮ ಅಪ್ಪ ಕೇಳಾಕ ಬರದಿದ್ರ ನಾನ ನಮ್ಮ ಅಪ್ಪಗ ಬಾಯಿಬಿಟ್ಟ ಹೇಳಾಕಿ ಇದ್ದೆ. ಈ ಮಾತ ಯಾರಿಗೂ ಹೇಳಿಲ್ಲ...”

ಉತ್ತರ ಬರಲಿಲ್ಲ. ತಿರುಗಿ ನೋಡಿದಳು.

ಅಕೀಬ ಕಟ್ಟೆಗೆ ಒರಗಿ ಮಲಗಿದ್ದ. ಅವನ ಮುಷ್ಟಿಯಲ್ಲಿ ಇನ್ನೂ ಒಂದು ಹಿಡಿ ಖಾರ ಇತ್ತು.

ಗುಲ್ನಾರ ಅಳಲಿಲ್ಲ. ಅವನಿಗೆ ಹೊದಿಕೆ ತಂದು ಹೊದಿಸಿ ಕೆಳಗಿಳಿದಳು. ಆದರೆ ಅಂದಿನಿಂದ ಬೆಳಗಿನ ಹದಿನೈದು ನಿಮಿಷದಲ್ಲಿ ಅವಳು ಮಾತು ಕಡಿಮೆ ಮಾಡಿದಳು. ಅಕೀಬ ಒಂದೆರಡು ಸಲ “ಯಾಕ ಸುಮ್ಮನಿದ್ದಿ?” ಎಂದು ಕೇಳಿದ. “ಏನಿಲ್ರಿ” ಎಂದಳು. ಹೆಂಗಸರ ‘ಏನಿಲ್ಲ’ದ ಅರ್ಥ ಗಂಡಸರಿಗೆ ಯಾವತ್ತು ತಿಳಿದಿದೆ?

ಇನ್ನೊಂದು ಸಂಗತಿಯೂ ಅವಳನ್ನು ಕೊರೆಯುತ್ತಿತ್ತು. ಎರಡು ಮೂರು ತಿಂಗಳಿಗೊಮ್ಮೆ ಅಕೀಬ ‘ಅರಳೆ ನೋಡಿ ಬರ್ತೇನಿ’ ಎಂದು ಸ್ಕೂಟರ್ ಹತ್ತಿ ಶಿಗ್ಗಾಂವಕ್ಕೆ ಹೋಗುತ್ತಿದ್ದ. ಬರಿಗೈಯಲ್ಲಿ ಬರುತ್ತಿದ್ದ. ಕೇಳಿದರೆ ಮಾಲು ಚೆನ್ನಾಗಿರಲಿಲ್ಲ ಎನ್ನುತ್ತಿದ್ದ. ಸುಳ್ಳು ಹೇಳಲು ಬಾರದವನ ಸುಳ್ಳು ಅದು. ಹೇಳುವಾಗ ಬಾಗಿಲ ಕಡೆ ನೋಡುತ್ತಿದ್ದ.

*

ಆ ಮಂಗಳವಾರವೂ ಅವನು ಹಾಗೆಯೇ ಹೊರಟ. ಅವನು ಹೋದ ಮೇಲೆ ಗುಲ್ನಾರ ಅತ್ತೆಯ ಮುಂದೆ ನಿಂತಳು.

“ಅತ್ತಿ, ಎಂಟ ದಿನ ಅವ್ವನ ಕಡೆ ಹೋಗಿ ಬರ್ತೇನ್ರಿ. ಅಲ್ಲಿಂದನ ಹಿರೇಕೆರೂರಿಗೆ, ಅಕ್ಕನ ಕೂಸಿಗೆ ಹೆಸರ ಇಡೂದಕ್ಕ ಹೋಗ್ತೇನಿ.”

“ಹೋಗಿ ಬಾರವಾ. ಎಂಟ ದಿನ ಅಕೀಬನ ಹಾಲ ನಾ ನೋಡ್ಕೋತೇನಿ” ಎಂದರು ರಹಿಮಾಬಿ.

ಎಂಟು ದಿನ ಎಂದು ಬಾಯಿ ಹೇಳಿತು. ಚೀಲಕ್ಕೆ ತುಂಬಿದ್ದು ಮಾತ್ರ ಇದ್ದ ಬಟ್ಟೆಯನ್ನೆಲ್ಲ. ‘ಅವರಾಗಿ ಬಂದು ಕರೆಯುವ ತನಕ ಬರುವುದಿಲ್ಲ. ಕರೆಯದಿದ್ದರೆ... ಕರೆಯದಿದ್ದರೆ ನನ್ನ ಲೆಕ್ಕ ಸರಿ ಎಂದಾಯಿತು. ಅವರಿಗೆ ನಾನು ಬೇಕಾಗಿಲ್ಲ.’

ಶಿಗ್ಗಾಂವದಲ್ಲಿ ಹಾನಗಲ್ಲಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ನೀರಿನ ಬಾಟಲಿ ಕೊಳ್ಳಲು ರಸ್ತೆಗೆ ಬಂದವಳ ಕಣ್ಣಿಗೆ ಒಂದು ಸ್ಕೂಟರ್ ಬಿತ್ತು. ಹಿಂದೆ ಕೆಂಪು ಅಕ್ಷರದಲ್ಲಿ ‘ನದಾಫ ಗಾದಿ ಕೇಂದ್ರ, ಸವಣೂರು.’

ಸ್ಕೂಟರ್ ನಿಂತದ್ದು ಅರಳೆಯ ಅಂಗಡಿಯ ಮುಂದಲ್ಲ, ಒಂದು ದವಾಖಾನೆಯ ಮುಂದೆ. ಗುಲ್ನಾರ ಚೀಲ ಹಿಡಿದೇ ಒಳಗೆ ಹೋದಳು.

ಕಾಯುವ ಕೋಣೆಯ ತುಂಬ ಹೆಂಗಸರು. ಕಡೆಯ ಬೆಂಚಿನ ಮೂಲೆಯಲ್ಲಿ, ಗೋಡೆಗೆ ತಲೆ ಆನಿಸಿ, ಅವಳ ಗಂಡ ನಿದ್ದೆ ಹೋಗಿದ್ದ. ಕೈಯಲ್ಲಿ ಹನ್ನೊಂದನೇ ನಂಬರಿನ ಚೀಟಿ.

ಇಷ್ಟು ಹೆಂಗಸರ ನಡುವೆ ಅವನು ಬಹಳ ಒಂಟಿಯಾಗಿ ಕಂಡ. ಜಗಳಕ್ಕೆಂದು ಬಂದವಳಿಗೆ ಜಗಳ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು ಸಿಸ್ಟರ್ ಕೂಗಿದರು.

“ಹನ್ನೊಂದು. ಅಕೀಬ ನದಾಫ.”

ಅವನು ಏಳಲಿಲ್ಲ. ಸಿಸ್ಟರ್ ಮತ್ತೆ ಕೂಗಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅದಾರ್ರಿ” ಎಂದಳು ಗುಲ್ನಾರ. “ಬಂದ್ರು. ನಾ ಅವರ ಹೆಂಡ್ತಿ.”

ಭುಜ ಅಲುಗಾಡಿಸಿದಾಗ ಅಕೀಬ ಕಣ್ಣು ತೆರೆದ. ಅವಳನ್ನು ಕಂಡವನೇ ಚೀಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

“ಗುಲ್ನಾರ... ನೀ ಹೆಂಗ...?”

“ಆಮ್ಯಾಲೆ ಹೇಳ್ತೇನಿ. ಏಳ್ರಿ, ನಂಬರ ಬಂದೈತಿ.”

ಡಾಕ್ಟರ್ ರಾಜಶ್ರೀ ರಕ್ತದ ವರದಿ ನೋಡುತ್ತ ಹುಬ್ಬು ಗಂಟಿಕ್ಕಿದರು.

“ಅಕೀಬ, ಎರಡು ಸಲ ಗುಳಗಿ ಪವರ್ ಹೆಚ್ಚಿಗಿ ಮಾಡೇನಿ. ಆದ್ರೂ ನಿಮ್ಮ ಥೈರಾಯ್ಡ ಹತೋಟಿಗೆ ಬರವಲ್ದು. ದಿನಾ ತಗೋತೀರಿಲ್ಲೋ?”

“ಒಂದ ದಿನಾನೂ ತಪ್ಪಿಸಿಲ್ರಿ. ಮುಂಜಾನಿ ಎದ್ದ ಕೂಡ್ಲೆ, ನೀರಿನ ಜೋಡಿ.”

“ಆಮೇಲೆ ಒಂದು ತಾಸು ಏನೂ ತಗೋಳಂಗಿಲ್ಲಲ್ಲ?”

ಅಕೀಬ ನೆಲ ನೋಡಿದ.

ಗುಲ್ನಾರಳಿಗೆ ಥೈರಾಯ್ಡ್ ಎಂದರೇನೆಂದೇ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಬೆಳಗಿನ ಆರು ಗಂಟೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಹಾಲ ಕುಡೀತಾರ್ರಿ” ಎಂದಳು. “ಎದ್ದ ಕೂಡ್ಲೆ, ಬೆಲ್ಲದ ಹಾಲ. ನಾನ ಕೊಡ್ತೇನ್ರಿ.”

ಡಾಕ್ಟರ್ ಪೆನ್ನು ಕೆಳಗಿಟ್ಟರು.

“ಹಾಲು ಈ ಗುಳಗಿಯನ್ನ ಮೈಗೆ ಹತ್ತಾಕ ಬಿಡೂದಿಲ್ಲ. ಮೊದಲನೇ ದಿನಾನ ನಾ ಹೇಳಿದ್ನೆಲ್ಲ, ಅಕೀಬ?”

“ಹೇಳಿದ್ರಿ” ಎಂದ ಅವನು, ಕೇಳಿಯೂ ಕೇಳದ ದನಿಯಲ್ಲಿ.

ಗುಲ್ನಾರ ಗಂಡನನ್ನು ನೋಡಿದಳು. ಗೊತ್ತಿತ್ತು. ಅವನಿಗೆ ಗೊತ್ತಿತ್ತು.

ಡಾಕ್ಟರ್ ಅವಳ ಕಡೆ ತಿರುಗಿದರು. “ಗಂಟಲದಾಗ ಒಂದು ಗ್ರಂಥಿ ಇರ್ತೈತಮ್ಮ. ಅದು ಮೈಯಾಗಿನ ಒಲಿ ಉರಿ ಇದ್ದಂಗ. ಇವರದು ಸಣ್ಣ ಉರಿಯಾಗೈತಿ. ಅದಕ್ಕ ಚಳಿ, ನಿದ್ದಿ, ಸುಸ್ತು. ಇದು ಆಲಸ್ಯ ಅಲ್ಲ. ಗುಳಗಿ ಆದ ಮೇಲೆ ಒಂದು ತಾಸು ನೀರ ಬಿಟ್ಟು ಏನೂ ಬ್ಯಾಡ. ಹಾಲಂತೂ ಸಂಜಿಗಿರಲಿ. ಆರು ವಾರ ಬಿಟ್ಟು ಮತ್ತ ರಕ್ತ ನೋಡೋಣು.”

“ಪೂರಾ ಆರಾಮ ಆಕ್ಕಾರೇನ್ರಿ?”

“ಈಗಿನಕಿಂತ ಬಹಳ ಆರಾಮ ಆಗ್ತಾರ. ಆದ್ರ ಗುಳಗಿ ಜೀವನಪೂರ್ತಿ. ನಡುನಡುವ ದಣಿವು ಬರ್ತೈತಿ. ಮನಿಯವ್ರಿಗೆ ಗೊತ್ತಿದ್ರ ಅರ್ಧ ಭಾರ ಇಳೀತೈತಿ.”

*

ದವಾಖಾನೆಯ ಹೊರಗೆ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಕಟ್ಟೆ. ಇಬ್ಬರೂ ಕುಳಿತರು. ನಡುವೆ ಗುಲ್ನಾರಳ ಚೀಲ.

“ಯಾವಾಗಿಂದ?” ಕೇಳಿದಳು.

“ಲಗ್ನದಕಿಂತ ಮೊದಲಿಂದ. ನೀ ಗಾದಿಗೆ ಬಂದಿದ್ದೆಲ್ಲ, ಆವಾಗ ಏನಾಗೇತಿ ಅಂತ ಗೊತ್ತಿರಲಿಲ್ಲ. ಆಮ್ಯಾಲೆ ಇಲ್ಲಿ ಬಂದು ತೋರಿಸ್ದೆ.”

“ಯಾಕ ಹೇಳಲಿಲ್ಲ?”

ಅಕೀಬ ಅಂಗೈಗಳನ್ನು ಉಜ್ಜಿಕೊಂಡ. “ಮೊದಲನೇ ಸಲ ಬಂದಾಗ ಇಲ್ಲಿ ಎಲ್ಲಾ ಹೆಣ್ಣಮಕ್ಕಳ. ಒಬ್ಬ ಅಜ್ಜಿ, ‘ಹೆಂಡ್ತೀನ ಕರಕೊಂಡ ಬಂದೀಯೇನಪಾ, ಎಲ್ಲದಾಳ?’ ಅಂತ ಕೇಳಿದ್ಲು. ಹೂಂ, ಒಳಗ ಅದಾಳ ಅಂದೆ. ಆವಾಗ ನನಗ ಲಗ್ನಾನ ಆಗಿರಲಿಲ್ಲ.”

ನಗು ಬರುವ ಹೊತ್ತಲ್ಲ. ಆದರೂ ಗುಲ್ನಾರಳ ತುಟಿ ಅಲುಗಿತು. ತಡೆದುಕೊಂಡಳು.

“ಹೆಣ್ಣಮಕ್ಕಳ ಬ್ಯಾನಿ ಇವಂಗ ಬಂದೈತಿ ಅಂತ ಮಂದಿ ಆಡ್ಕೋತಾರ ಅನಿಸ್ತು. ನಿನಗ ಹೇಳಿದ್ರ ನೀ ಬ್ಯಾಡಂತೀದಿ ಅಂತ ಹೆದರಿದೆ. ಲಗ್ನ ಆದ ಮ್ಯಾಲ, ಇನ್ನೇನ ಹೇಳೂದು... ಹೊತ್ತ ಮೀರೇತಿ ಅಂತ ಬಿಟ್ಟೆ.”

“ಅದ ಇರಲಿ. ಹಾಲ?” ಅವಳ ಮೂಗಿನ ತುದಿ ಕೆಂಪಾಯಿತು. “ಗೊತ್ತಿದ್ದೂ ಒಂದ ವರ್ಷ ಹಾಲ ಕುಡದ್ರಿ. ನನ್ನ ಕೈಲೆ ನಿಮ್ಮ ಔಷಧ ಕೆಡಿಸಿದ್ರಿ. ‘ಬ್ಯಾಡ’ ಅನ್ನಾಕ ಏನಾಗಿತ್ತು? ನನಗ ಹೇಳಾಕ ನಾಚಿಕಿ ಇದ್ರ, ಹೊಟ್ಟಿ ತ್ರಾಸ ಅಂತ ಒಂದ ಸುಳ್ಳರ ಹೇಳಬೇಕಿತ್ತು. ಅರಳಿ ಸುಳ್ಳ ಹೇಳಿದ್ರೆಲ್ಲ.”

ಅವನು ರಸ್ತೆಯ ಕಡೆ ನೋಡಿದ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

“ಗುಲ್ನಾರ, ಹತ್ತ ಗಂಟೆ ಆಗೂದ ತಡ, ನನ್ನ ಮೈ ನನ್ನ ಮಾತ ಕೇಳೂದಿಲ್ಲ. ಸಂಜಿಕ ನೀ ಮಾತಾಡತಿ, ನಾ ಕೇಳಬೇಕಂತ ಕಣ್ಣ ತಿಕ್ಕೋತೇನಿ, ತೊಡಿ ಚಿವುಟ್ಕೋತೇನಿ... ಆಗೂದಿಲ್ಲ. ಮುಂಜಾನಿ ಎದ್ದಾಗ ಅಷ್ಟ ತಲಿ ತಿಳಿಯಾಗಿರತೈತಿ. ಆ ಒಂದ ಹೊತ್ತ ನೀ ಲೋಟ ಹಿಡ್ಕೊಂಡ ನನ್ನ ಮುಂದ ಬಂದ ಕುಂದರ್ತಿ. ಹಾಲ ಬ್ಯಾಡ ಅಂದ್ರ ನೀ ಯಾಕ ಕುಂದರ್ತಿ? ಒಳಗ ಹೊಕ್ಕೀದಿ, ಕೆಲಸ ನೋಡ್ಕೋತೀದಿ. ಇಡೀ ದಿನದಾಗ ನಾ ನಿನ್ನ ಜೋಡಿ ಎಚ್ಚರಿರೂದು ಅದ ಹದಿನೈದ ನಿಮಿಷ. ಅದನ್ನ ಬಿಡಾಕ ನನ್ನ ಕೈಲೆ ಆಗಲಿಲ್ಲ.”



ಒಂದು ವರ್ಷದಿಂದ ಅವಳು ಕೇಳಿಕೊಂಡು ಬಂದ ಪ್ರಶ್ನೆ ಒಂದೇ, ‘ಇವರಿಗೆ ನಾನು ಬೇಕೋ ಬೇಡವೋ?’ ಉತ್ತರ ದಿನವೂ ಎದುರಿಗೇ ಕುಳಿತು, ಹದಿನೈದು ನಿಮಿಷಕ್ಕಾಗಿ ತನ್ನ ಔಷಧವನ್ನೇ ಹಾಳುಮಾಡಿಕೊಳ್ಳುತ್ತಿತ್ತು. ಖುಷಿಪಡಬೇಕೋ, ಈ ಮನುಷ್ಯನ ಕಪಾಳಕ್ಕೆ ಒಂದು ಕೊಡಬೇಕೋ? ಎರಡೂ ಒಟ್ಟಿಗೆ ಆಗುತ್ತಿತ್ತು. ಕಣ್ಣೀರು ತಾನಾಗಿ ಇಳಿಯಿತು. ಸೆರಗಿನಿಂದ ಒರೆಸಿಕೊಂಡಳು.

ಅಕೀಬನ ದೃಷ್ಟಿ ಆಗ ಚೀಲದ ಮೇಲೆ ಬಿತ್ತು. ಅದರ ಹೊಟ್ಟೆ ಉಬ್ಬಿದ್ದು ಎಂಟು ದಿನದ ಬಟ್ಟೆಗಲ್ಲ ಎಂದು ಗಾದಿ ತುಂಬುವವನಿಗೆ ಹೇಳಿಕೊಡಬೇಕೇ?

“ಬಿಟ್ಟ ಹೊಂಟಿದ್ದೇನ?” ಎಂದ, ಮೆಲ್ಲಗೆ.

“ಹೂಂ.”

“ಈಗ?”

ಹಾನಗಲ್ಲಿಗೆ ಹೋಗುವ ಬಸ್ಸು ನಿಲ್ದಾಣದ ಕಡೆ ತಿರುಗುತ್ತಿತ್ತು. ಗುಲ್ನಾರ ಎದ್ದು ನಿಂತಳು.

“ಈಗ ಅವ್ವನ ಕಡೆನ ಹೋಗ್ತೇನಿ. ಹೇಳಿ ಬಂದೇನಿ. ಇನ್ನೂ ಸಿಟ್ಟ ಐತಿ, ಬ್ಯಾನಿಗೆ ಅಲ್ಲ, ಬಚ್ಚಿಟ್ಟಿದ್ದಕ್ಕ. ಎಂಟ ದಿನ ಗುಳಗಿ ಸರಿಯಾಗಿ ತಗೊಳ್ರಿ. ಅತ್ತಿಗೆ ನೀವ ಹೇಳ್ರಿ, ನಾ ಹೇಳೂದಿಲ್ಲ. ಅಕ್ಕನ ಮನ್ಯಾಗ ಸಿಗೋಣು. ನಾ ನಿಮ್ಮಿಂದ ಬ್ಯಾರೆ ಏನೂ ಕೇಳೂದಿಲ್ರಿ. ದಣಿವಾದ್ರ ದಣಿವಾತು ಅಂತ ಬಾಯಿಬಿಟ್ಟ ಹೇಳ್ರಿ. ಹೇಳಿದ್ರ ನಾ ಬರ್ತೇನಿ. ಮತ್ತ ಬಚ್ಚಿಟ್ರ...”

ಮುಂದಿನದನ್ನು ಹೇಳಲಿಲ್ಲ. ಬಸ್ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಅಕೀಬ ಬಸ್ ಹೊರಡುವ ತನಕ ಬಿಸಿಲಲ್ಲೇ ನಿಂತಿದ್ದ.

*

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಹಾನಗಲ್ಲಿನಲ್ಲಿ ಅವಳ ಫೋನ್ ರಿಂಗಾಯಿತು.

“ಗುಳಗಿ ತಗೊಂಡೇನಿ” ಎಂದ ಅಕೀಬ. “ನೀರಿನ ಜೋಡಿ. ಇನ್ನ ಒಂದ ತಾಸ ಬಾಯಿಗೆ ಏನೂ ಹಾಕ್ಕೊಳ್ಳಂಗಿಲ್ಲ. ಖಾಲಿ ಕುಂತೇನಿ. ಏನರ ಮಾತಾಡು.”

ಸಿಟ್ಟಿದೆ ಎಂದು ನೆನಪಿಟ್ಟುಕೊಂಡೇ ಗುಲ್ನಾರ ಮಾತಾಡಿದಳು. ಏಳು ಹೊಡೆಯುವ ತನಕ ಮಾತಾಡಿದಳು. ಹದಿನೈದು ನಿಮಿಷ ಕಳೆದುಹೋಗುತ್ತದೆ ಎಂದು ಹೆದರಿದ್ದ ಗಂಡನಿಗೆ ಡಾಕ್ಟರ್ ಒಂದು ತಾಸು ಬರೆದುಕೊಟ್ಟಿದ್ದರು. ಅದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

ಮೂರನೆಯ ದಿನ, “ಅವ್ವಗ ಹೇಳಿದೆ” ಎಂದ.

“ಏನಂದ್ರು?”

“ಮೊದಲ ಅತ್ಲು. ‘ನಾ ಹಾಲ ಕುಡಿಸಿ ಕುಡಿಸಿ ನಿನ್ನ ಹಿಂಗ ಮಾಡಿದ್ನೆಲ್ಲೋ’ ಅಂದ್ಲು. ನೀ ಎಲ್ಲಿ ಮಾಡಿದ್ದಿಯವಾ, ಹೇಳದವ ನಾ ಅಂದೆ. ಈಗ ಗಡಿಯಾರ ಮುಂದ ಇಟ್ಕೊಂಡ ನನ್ನ ಕಾಯಾಕತ್ತಾಳ. ಸಂಜಿ ಐದರ ತನಕ ಹಾಲಿನ ಬೋಗುಣಿ ಮುಟ್ಟಾಕ ಬಿಡೂದಿಲ್ಲ.”

ಐದನೆಯ ದಿನ ಅವನೇ ಕೇಳಿದ. “ಗುಲ್ನಾರ, ವರ್ಷ ತುಂಬಿದ ದಿನ ಮಾಳಗಿ ಮ್ಯಾಲ ನೀ ಏನೋ ಹೇಳಾಕತ್ತಿದ್ದಿ. ಗಾದಿ ಒಯ್ಯಾಕ ಬಂದಿದ್ನೆಲ್ಲ ಅನ್ನೂತನ ಕೇಳಿದ್ದೆ. ಮುಂದ ಏನ ಹೇಳಿದಿ?”

ಅವಳ ಕೆನ್ನೆ ಬಿಸಿಯಾಯಿತು. ಅವ್ವ ಹಿತ್ತಲಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಕೈ ನೋಡಿ ಮನಸ್ಸು ಹೋದದ್ದು, ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತದ್ದು...

ಆ ಕಡೆ ಸದ್ದಿಲ್ಲ.

“ರೀ... ಮಲಗಿದ್ರೇನ್ರಿ?”

“ಇಲ್ಲ.” ಅವನ ಗೊಗ್ಗರು ದನಿ ಒದ್ದೆಯಾಗಿತ್ತು. “ಎಚ್ಚರ ಅದೇನಿ. ಇನ್ನೊಮ್ಮೆ ಹೇಳು.”

*

ಎಂಟನೆಯ ದಿನ, ಕೂಸಿಗೆ ಹೆಸರಿಡುವ ಕಾರ್ಯಕ್ಕೆ, ಹಿರೇಕೆರೂರಿನಲ್ಲಿ ದಿಲ್ಶಾದಳ ಮನೆ ತುಂಬ ಜನ. ಅಕೀಬ ಬರುವಷ್ಟರಲ್ಲಿ ಹನ್ನೊಂದು ದಾಟಿತ್ತು. ಎರಡು ಬಸ್ಸುಗಳ ಧೂಳು ಅವನ ಮೈಮೇಲಿತ್ತು. ಮುಖ ಊದಿತ್ತು, ಕಣ್ಣು ಭಾರವಾಗಿತ್ತು. ಎಂಟು ದಿನಕ್ಕೆ ಯಾವ ಗುಳಿಗೆಯೂ ಪವಾಡ ಮಾಡುವುದಿಲ್ಲ. ಅಡುಗೆಮನೆಯ ಬಾಗಿಲಿನಿಂದ ಗುಲ್ನಾರ ನೋಡಿದಳು. ಅವನು ಕಣ್ಣು ಉಜ್ಜಿಕೊಳ್ಳುತ್ತಿದ್ದ.

ದಿಲ್ಶಾದಳ ಗಂಡ ಫಾರೂಕ, ಮೆಕ್ಕೆಜೋಳದ ವ್ಯಾಪಾರಿ, ದೊಡ್ಡ ದನಿಯ ಮನುಷ್ಯ. ಗಂಡಸರೆಲ್ಲ ಕುಳಿತ ಚಪ್ಪರದ ನಡುವಿನಿಂದಲೇ ಕರೆದ.

“ಬರ್ರಿ ಅಕೀಬಭಾಯಿ, ಸರಿಯಾದ ಹೊತ್ತಿಗೆ ಬಂದ್ರಿ. ಎರಡ ನೂರ ಮಂದಿ ಉಣ್ಣಾಕದಾರ. ನೀವು ನಾನು ಕೂಡಿ ಬಡಸೂಣು.”

ಅಕೀಬ ಅಲ್ಲೇ ನಿಂತ. ಗುಲ್ನಾರಳ ಕೈ ಚೌಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಅವಳಿಗೆ ಗೊತ್ತಿತ್ತು, ಅವನು ಹೂಂ ಅನ್ನುತ್ತಾನೆ. ಬುಟ್ಟಿ ಹಿಡಿಯುತ್ತಾನೆ. ಎಲ್ಲೋ ಗೋಡೆಗೆ ಒರಗಿ, ಜನ ನೋಡಿ ನಗುವಂತೆ ಕಣ್ಣು ಮುಚ್ಚುತ್ತಾನೆ. ಮತ್ತೆ ಹಳೆಯದೇ.

“ಫಾರೂಕಭಾಯಿ” ಎಂದ ಅಕೀಬ. ದನಿ ಚಪ್ಪರದ ಕೊನೆಗೂ ಕೇಳುವಂತಿತ್ತು. “ನನಗ ಥೈರಾಯ್ಡ ಐತ್ರಿ. ಔಷಧ ನಡದೈತಿ. ಬಸ್ಸಿನಾಗ ಬಂದು ಮೈ ಬಿದ್ದಹೋಗೇತಿ. ಬಡಸಾಕ ಆಗೂದಿಲ್ಲ. ಒಂದ ತಾಸ ಅಡ್ಡಾಗಬೇಕ್ರಿ.”

ಮೂಲೆಯಲ್ಲಿ ಯಾರೋ “ಅದು ಹೆಣ್ಣಮಕ್ಕಳಿಗೆ ಬರೂದಲ್ಲೇನ?” ಎಂದರು.

“ನನಗೂ ಬಂದೈತ್ರಿ” ಎಂದ ಅಕೀಬ.

ಫಾರೂಕ ಒಮ್ಮೆ ಅವನನ್ನು ದಿಟ್ಟಿಸಿ ನೋಡಿ, ಒಳಗಿನ ಕೋಣೆಯ ಕಡೆ ಕೈ ತೋರಿಸಿದ. “ಹೋಗ್ರಿ, ಮಲಗ್ರಿ. ಇಷ್ಟ ಹೇಳಾಕ ಯಾಕ ಬೆವರಾಕತ್ತೀರಿ?”

ಎರಡು ನಿಮಿಷ ಬಿಟ್ಟು ಗುಲ್ನಾರಳೂ ಬಂದಳು. ಒಳಕೋಣೆಯಲ್ಲಿ ಚಾಪೆ ಹಾಸಿ, ಬಾಗಿಲು ಮುಂದೆ ಮಾಡಿದಳು. ಹೊರಗೆ ತಟ್ಟೆಗಳ ಸದ್ದು, ಮಕ್ಕಳ ಗದ್ದಲ. ಅಕೀಬ ಮಲಗಿ ಚಾವಣಿ ನೋಡುತ್ತಿದ್ದ.

“ಹೇಳಿಬಿಟ್ಟೆ” ಎಂದ.

“ಕೇಳಿದೆ.”

“ಮಂದಿ ನಗಾಕತ್ತಾರೇನ?”

“ಇಬ್ಬರು ನಕ್ರು. ಒಬ್ಬ ಹಿರ್‍ಯಾರು ಮಾತ್ರ ನನ್ನ ಬದಿಗೆ ಕರದು, ಯಾವ ಡಾಕ್ಟರ ಅಂತ ಸಣ್ಣ ದನೀಲೆ ಕೇಳಿದ್ರು. ಅವರಿಗೂ ಮಧ್ಯಾಹ್ನ ಕಣ್ಣ ಎಳೀತಾವಂತ.”

ಅಕೀಬ ನಕ್ಕ. ನಗು ಮುಗಿಯುವ ಮೊದಲೇ ರೆಪ್ಪೆ ಇಳಿಯತೊಡಗಿತು. ಕಷ್ಟಪಟ್ಟು ಮತ್ತೆ ತೆರೆದ.

“ಗುಲ್ನಾರ, ಡಾಕ್ಟರ ಹೇಳಿದ್ದ ನೆನಪೈತಿಲ್ಲೋ? ನಡುನಡುವ ಹಿಂಗ ಬೀಳ್ತೇನಿ. ಜೀವನಪೂರ್ತಿ.”

“ಬೀಳ್ರಿ. ನನ್ನ ಮುಂದ ಬೀಳ್ರಿ, ಹಿಂದ ಮುಚ್ಚಿಟ್ಕೊಂಡ ಬ್ಯಾಡ.”

ಅವನು ಕೈ ಚಾಚಿದ. ಅವಳು ಆ ತಣ್ಣನೆಯ ಬೆರಳುಗಳನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡತೊಡಗಿದಳು. ಅವಳ ಚೀಲ ಬಾಗಿಲ ಬಳಿ ಕಟ್ಟಿಟ್ಟೇ ಇತ್ತು. ಅವನು ಅದನ್ನು ನೋಡಿದ. ಕೇಳಲೋ ಬೇಡವೋ ಎಂಬಂತೆ ತಡೆದು, ಕೇಳಿದ.

“ನೀನೂ ಬರ್ತಿಯಲ್ಲ, ಸವಣೂರಿಗೆ?”

“ಹೂಂ.”

“ನಮ್ಮ ಬಸ್ ಎಷ್ಟಕ್ಕೈತಿ?”

ಗುಲ್ನಾರ ಅವನ ಹಣೆಯ ಮೇಲಿನ ಕೂದಲು ಸರಿಸಿದಳು.

“ನಿಮಗ ಎಚ್ಚರಾದ ಮ್ಯಾಲ ಯಾವುದ ಬರ್ತೈತೋ, ಅದ ನಮ್ಮ ಬಸ್ಸು. ಮಲಗ್ರಿ.”